ಬಟ್ಟಲಿಗೆ ತುಟಿ ತಾಗಿಸದ ದಿನಗಳು

ಹೋದ ಭಾನುವಾರ ನನ್ನ ಮೊಮ್ಮಗನಿಗೆ ದೀಕ್ಷಾಸ್ನಾನ ಆಯಿತು. ಪಾದ್ರಿ ಅಯ್ಯನವರು ತಲೆ ಮೇಲೆ ನೀರು ಹಾಕಿದಾಗ ಅವನು ಕಿರುಚಿದ ಕಿರುಚಿಗೆ ತಗಡಿನ ಮಾಡು ಹಾರಿಹೋಗಬೇಕಿತ್ತು. ನಾನು ಎತ್ತಿಕೊಂಡೆ. ಹಣೆಗೆ ಒಂದು, ಎರಡು ಕೆನ್ನೆಗೂ ಒಂದೊಂದು, ಮೂಗಿನ ತುದಿಗೆ ಒಂದು ಮುತ್ತು ಕೊಟ್ಟೆ. ನನ್ನ ಮಗಳು ಸಾರಾ, "ಸಾಕು ಬುಡವ್ವ, ಮಗ ಸವ್ದೋದಾನು" ಅಂದಳು. ಸಾಕು ಅಂದರೆ ಎಲ್ಲಿ ಸಾಕು? ಇವಳಿಗೆ ಹನ್ನೊಂದು ವರ್ಷ ಇದ್ದಾಗಿನಿಂದ ಹದಿನೈದು ತುಂಬೋವರೆಗೂ ನಾನು ಇವಳ ಕೆನ್ನೆಗೆ ತುಟಿ ತಾಗಿಸಿದವಳಲ್ಲ. ಅಷ್ಟು ವರ್ಷ ತಡೆದು ನಿಲ್ಲಿಸಿದ್ದೆಲ್ಲ ಈಗ ತೂಬು ಕಿತ್ತ ಕಾಲುವೆ ಥರ ಹರೀತಾ ಇದೆ. ತಡೆಯೋಕೆ ನನ್ನ ಕೈಲೂ ಆಗೋದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಅಕ್ಷರ ಕಲಿತದ್ದೇ ಮದುವೆ ಆದ ಮೇಲೆ, ನಮ್ಮ ಉಪದೇಶಿಯವರ ಹೆಂಡತಿ ಹತ್ತಿರ, ದೇವರ ವಾಕ್ಯ ಓದೋದಕ್ಕೆ ಎಷ್ಟು ಬೇಕೋ ಅಷ್ಟು. ತಪ್ಪಿದ್ದರೆ ಸಾರಾ ತಿದ್ದುತ್ತಾಳೆ. ಸ್ವರಾಜ್ಯ ಬಂತು ಅಂತ ಎಲ್ಲರೂ ಮಾತಾಡ್ತಾ ಇರೋ ಈ ದಿನಗಳಲ್ಲಿ ಈ ಮುದುಕಿ ತನ್ನ ಕೆಮ್ಮಿನ ಕಥೆ ಬರೀತಾಳಲ್ಲ ಅಂತ ನಗಬೇಡಿ. ಎದೆ ಕಾಯಿಲೆ ಬಂದು, ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತವರು ಎಲ್ಲೋ ಇರ್ತಾರೆ. ಅವರಿಗಾಗಿ ಬರೀತಾ ಇದ್ದೀನಿ.

ನಮ್ಮ ಯಜಮಾನರಿಗೆ ಹೊಳೆ ಧುಮುಕೋ ಜಾಗದ ಹತ್ತಿರದ ಬ್ಲಫ್‌ನಲ್ಲಿ ಕೆಲಸ. ಕೆಳಗೆ, ಕರೆಂಟು ಹುಟ್ಟಿಸೋ ಮನೆಯಲ್ಲಿ, ಮಿಷನ್ನುಗಳಿಗೆ ಎಣ್ಣೆ ಹಾಕಿ ಒರೆಸೋದು. ನಾವು ಮೂರು ಜನ ಮೇಲೆ ಲೈನ್ ಮನೆಯಲ್ಲಿ ಇದ್ದೆವು. ಹತ್ತು ಮನೆಗೆ ಒಂದೇ ನಲ್ಲಿ. ಅತ್ತೆ ಮಾರ್ತಮ್ಮ ಮಳವಳ್ಳಿ ದಾರಿಯ ನಮ್ಮ ಕೇರಿಯಲ್ಲೇ ಇದ್ದಳು. ನಮ್ಮ ಪ್ರಾರ್ಥನೆ ಮನೆ ಇರೋದೂ ಅಲ್ಲೇ. ಭಾನುವಾರ ನಡೆದುಕೊಂಡು ಹೋಗಿ ಬರ್ತಿದ್ದೆವು.

ದಿನಾ ಬೆಳಿಗ್ಗೆ ಒಲೆ ಹಚ್ಚೋ ಮುಂಚೆ ನಾನು ಒಂದೇ ಮಾತು ಹೇಳ್ತಿದ್ದೆ. "ಸ್ವಾಮಿ, ತಲೆಯಿಂದ ಕಾಲಿನವರೆಗೂ ನಾನು ನಿನ್ನವಳು." ಅಕ್ಕಪಕ್ಕದ ಮನೆಯವರು ಹೊಸ್ತಿಲಿಗೆ ರಂಗೋಲಿ ಹಾಕೋ ಹಾಗೆ ನನಗೆ ಅದು. ಅದು ಎಷ್ಟು ದೊಡ್ಡ ಮಾತು ಅಂತ ಆಗ ತಿಳಿದಿರಲಿಲ್ಲ.

ಯುದ್ಧ ಶುರುವಾಯ್ತು ಅಂತ ಸುದ್ದಿ ಬಂದ ವರ್ಷ ನನಗೆ ಕೆಮ್ಮು ಹತ್ತಿತು. ಸಂಜೆ ಸಂಜೆ ಮೈ ಬೆಚ್ಚಗೆ. ಕಷಾಯ ಕುಡಿದೆ, ಮೆಣಸು ಅಗಿದೆ. ರವಿಕೆಯ ತೋಳು ಸಡಿಲ ಆಗಿ ನನ್ನದೇ ರವಿಕೆ ಬೇರೆಯವರದು ಅನ್ನೋ ಹಾಗಾಯ್ತು. ಒಂದು ದಿನ ನಲ್ಲಿ ಹತ್ತಿರ ಕೆಮ್ಮಿ ಉಗುಳಿದಾಗ ಕಲ್ಲಿನ ಮೇಲೆ ಕೆಂಪು ಕಂಡಿತು. ಕೊಡದಲ್ಲಿದ್ದ ನೀರು ಸುರಿದು ತೊಳೆದುಬಿಟ್ಟೆ. ಪಕ್ಕದ ಮನೆ ಪುಟ್ಟತಾಯಮ್ಮ ಕೇಳಿದರು, "ಎಲೆ ಅಡಿಕೆ ಯಾವಾಗ ಕಲ್ತೆ ಲೇಯಮ್ಮ?" ನಾನು ನಕ್ಕೆ. ಆ ನಗು ಸುಳ್ಳು ನಗು. ನನ್ನ ಸುಳ್ಳು ಅಲ್ಲಿಂದ ಶುರು.

ಕೆಮ್ಮು ಬಿಡದ್ದು ನೋಡಿ ಯಜಮಾನರು ಮಂಡ್ಯದ ಆಸ್ಪತ್ರೆಗೆ ಕರಕೊಂಡು ಹೋದರು. ಇದ್ದಿಲ ಹೊಗೆಯಿಂದ ಓಡೋ ಬಸ್ಸಿನಲ್ಲಿ ಮದ್ದೂರಿಗೆ, ಅಲ್ಲಿಂದ ರೈಲು. ಹೊರಗಿನ ಜಗುಲಿ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದೆವು. ನನ್ನ ಪಕ್ಕದಲ್ಲಿ ಕೊತ್ತತ್ತಿ ಕಡೆಯ ಒಬ್ಬ ಅಜ್ಜಿ. ಕಾಲುವೆ ನೀರು ಬಂದ ಮೇಲೆ ಅವರೂರಲ್ಲಿ ಮನೆಮನೆಗೂ ಚಳಿಜ್ವರವಂತೆ. "ನಿಂದೂ ಚಳಿಜ್ವರಾನೇ ಕಣವ್ವ. ಕಹಿ ಗುಳಿಗೆ ಕೊಟ್ಟು ಕಳಿಸ್ತಾರೆ, ಎದುರ್ಕೋಬೇಡ" ಅಂದಳು. ನನಗೂ ಹಾಗೇ ಇರಲಿ ಅನ್ನಿಸಿತು. ಜಗತ್ತಿನಲ್ಲಿ ಚಳಿಜ್ವರಕ್ಕೆ ಆಸೆಪಟ್ಟವಳು ನಾನೊಬ್ಬಳೇ ಇರಬೇಕು.

ಡಾಕ್ಟರು ಬೆನ್ನಿಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಫ ನೋಡಿದರು. ಆಮೇಲೆ ನನಗೆ ಹೇಳಲಿಲ್ಲ, ನಮ್ಮ ಯಜಮಾನರಿಗೂ ಹೇಳಲಿಲ್ಲ, ಎದುರಿನ ಗೋಡೆಗೆ ಹೇಳಿದರು. "ಕ್ಷಯ." ಮೈಸೂರಿಗೆ ಹೋಗಬೇಕು, ಅಲ್ಲಿ ಜಾಗ ಸಿಗೋವರೆಗೂ ಕಾಯಬೇಕು. ಅಲ್ಲಿವರೆಗೂ ತಟ್ಟೆ ಲೋಟ ಬೇರೆ, ಚಾಪೆ ಬೇರೆ. ಬಾಯಿಗೆ ಬಟ್ಟೆ ಹಿಡಿದೇ ಕೆಮ್ಮಬೇಕು. ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ಹಿಡಿದು ಸುಡಬೇಕು. "ಇವರು ಬಾಯಿ ಇಟ್ಟ ಲೋಟಕ್ಕೆ ಇನ್ನೊಬ್ಬರು ಬಾಯಿ ಇಡಬಾರದು. ಮಕ್ಕಳನ್ನು ಮುದ್ದಾಡಬಾರದು" ಅಂದರು.

ವಾಪಸು ಬರುವಾಗ ಯಜಮಾನರು ಮದ್ದೂರಲ್ಲಿ ಇಳಿದು ನನಗೊಂದು ವಡೆ ತಂದುಕೊಟ್ಟರು. ಎಲೆ ಮೇಲೆ ಇಟ್ಟು ಕೊಡುವಾಗ ಅವರ ಬೆರಳು ನನ್ನ ಬೆರಳಿಗೆ ತಾಗದ ಹಾಗೆ ಕೊಟ್ಟರು. ಆಮೇಲೆ ಅವರಿಗೇ ಅದು ಗೊತ್ತಾಗಿ ಕಣ್ಣು ತುಂಬಿಕೊಂಡರು. ನಾನು ವಡೆ ತಿಂದೆ. ಏನು ರುಚಿ ಇತ್ತೋ ಕಾಣೆ.

ಅತ್ತೆ ಸುದ್ದಿ ಕೇಳಿ ಮೊದಲು ಬಾಗಿಲು ಹಾಕಿದಳು. ಆಮೇಲೆ ಹೇಳಿದಳು, "ಯಾರ್ಗೂ ಬಾಯ್ ಬುಡ್ಬೇಡಿ. ಗೊತ್ತಾದ್ರೆ ನಲ್ಲಿ ನೀರು ಮುಟ್ಟಾಕೆ ಬುಟ್ಟಾರಾ? ಸಾರನ ನಾಳೆ ಯಾರು ಮದ್ವೆ ಆದಾರು? ಜ್ವರ ಅನ್ನಿ. ಚಳಿಜ್ವರ ಅಂದ್ರೆ ಯಾರೂ ಕೇಳಾಕಿಲ್ಲ."

ಸಾರಾ ಅಜ್ಜಿ ಮನೆಗೆ ಹೋದಳು. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಲೈನ್ ಮನೆಯ ಹಿಂದಿನ ಕೋಣೆಯಲ್ಲಿ ಉಳಿದೆ. ಬೆಳಿಗ್ಗೆ ಎದ್ದು "ತಲೆಯಿಂದ ಕಾಲಿನವರೆಗೂ" ಅಂತ ಶುರು ಮಾಡಿದರೆ ಮಾತು ಎದೆ ಹತ್ತಿರ ಬಂದು ನಿಂತುಬಿಡೋದು. ಎದೆಯೂ ನಿನ್ನದೇ ಸ್ವಾಮಿ, ನಿನ್ನದಾದ ಮೇಲೆ ಅದನ್ನ ಯಾಕೆ ತೂತು ಮಾಡಿಟ್ಟೆ? ಈ ಡಬ್ಬಿಯೊಳಗೆ ಇರೋದೂ ನಿನ್ನದೇನಾ? ಕೇಳಿದೆ. ಕೆಳಗಿನಿಂದ ಮಿಷನ್ನುಗಳ ಗುಂಯ್ ಶಬ್ದ ಒಂದೇ.

ಈಗ ಬಟ್ಟಲಿನ ವಿಷಯ ಹೇಳಬೇಕು. ನಮ್ಮ ಸಭೆಗೆ ಮೂರು ತಿಂಗಳಿಗೊಮ್ಮೆ ಮೈಸೂರಿನಿಂದ ಅಯ್ಯನವರು ಬಂದು ಪ್ರಭುಭೋಜನ ಕೊಡ್ತಾರೆ. ಬ್ರೆಡ್ಡು ಮುರಿದು ಒಂದೊಂದು ತುಂಡು, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ ಒಂದು ಬೆಳ್ಳಿ ಬಟ್ಟಲಲ್ಲಿ. ಸಾಲಾಗಿ ಮೊಣಕಾಲೂರಿದವರೆಲ್ಲ ಅದೇ ಬಟ್ಟಲಿಂದ ಒಂದೊಂದು ಗುಟುಕು ಕುಡೀಬೇಕು. ಆ ಬಟ್ಟಲು ನಮ್ಮ ಜನಕ್ಕೆ ಏನು ಅಂತ ಹೊರಗಿನವರಿಗೆ ತಿಳಿಯೋದು ಕಷ್ಟ. ಅತ್ತೆ ಚಿಕ್ಕವಳಿದ್ದಾಗ ದೊಡ್ಡವರ ಮನೆ ಹಿಂದೆ ಇವರಿಗೆ ಅಂತ ಒಂದು ತೆಂಗಿನ ಚಿಪ್ಪು ಸಿಗಿಸಿ ಇಟ್ಟಿರ್ತಿದ್ದರಂತೆ. ಮೇಲಿನಿಂದ ಸುರಿದದ್ದನ್ನು ಅದರಲ್ಲಿ ಹಿಡಿದು ಕುಡಿದು, ತೊಳೆದು, ಮತ್ತೆ ಸೂರಿಗೆ ಸಿಗಿಸಬೇಕು. ಸಭೆಗೆ ಬಂದ ಮೊದಲ ದಿನ ಬಿಳಿಯ ದೊರೆಸಾನಿ ಕುಡಿದ ಬಟ್ಟಲನ್ನೇ ತನ್ನ ಕೈಗೆ ಕೊಟ್ಟಾಗ ಅವಳು ರಸವನ್ನು ಸೀರೆ ಮೇಲೆ ಚೆಲ್ಲಿಕೊಂಡಳಂತೆ. ಆ ಸೀರೆಯನ್ನು ಅವಳು ಇನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ.

ಆ ಬಟ್ಟಲಿಗೆ ಬರದೆ ಕೂತವರು ಅಂದರೆ ಒಳಗೆ ಏನೋ ಪಾಪ ಇಟ್ಟುಕೊಂಡವರು ಅಂತಲೇ ಲೆಕ್ಕ. ಹೆಂಡ ಕುಡಿದವನು, ಕದ್ದು ಮಾರಮ್ಮನಿಗೆ ಹರಕೆ ಕೊಟ್ಟವನು, ಇಂಥವರನ್ನು ಹಿರೀಕರು ಬಟ್ಟಲಿಂದ ನಿಲ್ಲಿಸ್ತಿದ್ದರು.

ಕಾಯಿಲೆ ಗೊತ್ತಾದ ಮೇಲೆ ಬಂದ ಮೊದಲ ಭೋಜನದ ದಿನ ನಾನು ಎದ್ದು ಹೋಗಲಿಲ್ಲ. ಚಾಪೆ ಮೇಲೆ ತಲೆ ತಗ್ಗಿಸಿ ಕೂತೆ. ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಸೀರೆ ಸೆರಗುಗಳು ನನ್ನ ತಲೆಗೆ ತಾಗಿಕೊಂಡು ಹೋಗ್ತಾ ಇದ್ದವು. ಒಬ್ಬಳು ನಿಂತು ನೋಡಿ ಹೋದಳು. ಬೆನ್ನಿನ ಹಿಂದೆ, "ಲೇಯ ಯಾಕೆ ಕೂತವ್ಳೆ?" "ಸುಮ್ನೆ ಕೂತಾರಾ?"

ಮಾತು ಬೆಳೆಯೋಕೆ ಎಷ್ಟು ಹೊತ್ತು ಬೇಕು? ಜ್ವರ ಬಿಡಲಿ ಅಂತ ಮಾರಮ್ಮನಿಗೆ ಕೋಳಿ ಕೊಟ್ಟಿದ್ದೀನಿ ಅಂದರು. ಅದಕ್ಕಿಂತ ಕೆಟ್ಟದ್ದೂ ಅಂದರು, ಅದನ್ನು ಮೊಮ್ಮಗನ ಮುಂದೆ ಕೂತು ಬರೆಯೋಕೆ ನನಗೆ ಇಷ್ಟ ಇಲ್ಲ. ಯಜಮಾನರ ಜೊತೆ ಕೆಲಸ ಮಾಡೋನೊಬ್ಬ, "ಏನ್ಲಾ, ನಿನ್ ಎಂಡ್ತೀನ ಸಭೆಯೋರು ಆಚೆ ಆಕ್ಬುಟ್ರಂತೆ?" ಅಂದನಂತೆ. ಅವತ್ತು ಅವರು ಊಟ ಮಾಡಲಿಲ್ಲ.

ಸಭೆಯ ಹಿರೀಕ ಸಾಮುವೇಲಪ್ಪ ಒಂದು ಸಂಜೆ ಮನೆಗೇ ಬಂದರು. ಒಳ್ಳೇ ಮನುಷ್ಯರು, ಆದರೆ ಮಾತು ಕೊಡಲಿ ಏಟು. ಬಾಗಿಲಲ್ಲೇ ಕೂತು ಕೇಳಿದರು, "ನೋಡವ್ವ ಲೇಯಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ತಪ್ಪು ಮಾಡಿದ್ರೆ ಒಪ್ಕೊಬುಡು. ದೇವ್ರು ಕ್ಷಮಿಸ್ತಾನೆ, ಸಭೇನೂ ಕ್ಷಮಿಸ್ತದೆ."

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡ್ತಾ ಇದ್ದರು.

"ತಪ್ಪೇನೂ ಇಲ್ಲ ಕಣಪ್ಪ" ಅಂದೆ.

"ಇಲ್ದೆ ಇದ್ರೆ ಮುಂದಿನ್ ಸಲ ಬಂದು ಬಟ್ಲು ತಕೊ. ತಕೊಳ್ದೇ ಇದ್ರೆ ನಿನ್ ಎಸ್ರ ಅಯ್ಯನೋರ್ಗೆ ಯೋಳ್ಬೇಕಾಯ್ತದೆ. ಪಟ್ಟಿಯಿಂದ ತೆಗೀತಾರೆ."

ಅವರು ಹೋದ ಮೇಲೆ ನಾನು ಮೊದಲನೇ ಸಲ ಯಜಮಾನರ ಮೇಲೆ ಕೂಗಾಡಿದೆ. ಕೂಗಾಡಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ರಕ್ತ ಬಂತು. ಅವರೇ ಡಬ್ಬಿ ಹಿಡಿದರು, ಅವರೇ ಬಾಯಿ ಒರೆಸಿದರು. "ನಂಗೆ ಧೈರ್ಯ ಇಲ್ಲ ಕಣೇ" ಅಂದರು. ಅಷ್ಟೇ.

ಇತ್ತ ಅತ್ತೆಯ ವರಾತ ಶುರು. "ಒಂದ್ ಗುಟುಕು ಕುಡ್ದು ಬಂದ್ಬುಡಮ್ಮಿ. ಅದು ಸ್ವಾಮಿ ರಕ್ತ. ಸ್ವಾಮಿ ರಕ್ತದಲ್ಲಿ ಕಾಯ್ಲೆ ದಾಟ್ತದಾ? ನಂಬ್ಕೆ ಇಲ್ವಾ ನಿಂಗೆ?"

ಆ ಮಾತು ನನ್ನನ್ನು ಕೊರೆದಷ್ಟು ಕಾಯಿಲೆಯೂ ಕೊರೆಯಲಿಲ್ಲ. ನಂಬಿಕೆ ಇದ್ದವಳು ಕುಡೀಬೇಕಾ? ನಂಬಿಕೆ ಇದ್ದವಳು ಕುಡೀಬಾರದಾ? ಹೇಳೋರಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಹಿತ್ತಲಲ್ಲಿ ಸುಡುತ್ತಾ ನಿಂತಾಗ ಒಂದು ದಿನ ಯೋಚನೆ ಬಂತು. ದಿನಾ ಇದನ್ನ ಸುಡ್ತಾ ಇದ್ದೀನಲ್ಲ, ಯಾರಿಗೋಸ್ಕರ? ಪುಟ್ಟತಾಯಮ್ಮನ ಮಕ್ಕಳಿಗೋಸ್ಕರ. ಅವರಿಗೆ ಗೊತ್ತೇ ಇಲ್ಲ. ಯಾರೂ ನೋಡದೆ ಇರೋ ಈ ಕೆಲಸ ನೋಡ್ತಾ ಇರೋನು ಒಬ್ಬನೇ. ಹಂಗಾದರೆ ಈ ಡಬ್ಬಿಯೂ ಅವನದೇ. ಕೇಳಿದ ಪ್ರಶ್ನೆಗೆ ಇಷ್ಟು ದಿನ ಆದ ಮೇಲೆ ಸಿಕ್ಕ ಉತ್ತರ ಅಷ್ಟೇ, ಒಂದು ಗಬ್ಬು ವಾಸನೆಯ ಬೆಂಕಿ ಮುಂದೆ. ಸಮಾಧಾನ ಏನೂ ಆಗಲಿಲ್ಲ. ಹೆದರಿಕೆ ಹೆಚ್ಚಾಯ್ತು. ಯಾಕೆಂದರೆ ಬಟ್ಟಲಿನ ಮುಂದೆ ಏನು ಮಾಡಬೇಕು ಅಂತ ಅರ್ಧ ಗೊತ್ತಾಗಿಹೋಗಿತ್ತು.

ಎರಡನೇ ಭೋಜನದ ಭಾನುವಾರ ಅತ್ತೆ ನನ್ನನ್ನು ತೋಳು ಹಿಡಿದು ಎಬ್ಬಿಸಿದಳು. ಹೆಂಗಸರ ಸಾಲಿನಲ್ಲಿ ಮೊದಲನೆಯವಳಾಗಿ ಮೊಣಕಾಲೂರಿಸಿದಳು, ಎಲ್ಲರೂ ಕಾಣಲಿ ಅಂತ. ನನ್ನ ಪಕ್ಕದಲ್ಲಿ ಎಸ್ತರಮ್ಮ, ಏಳು ತಿಂಗಳ ಬಸುರಿ, ಚೊಚ್ಚಲು. ಬಗ್ಗೋಕೆ ಆಗದೆ ಏದುಸಿರು ಬಿಡ್ತಾ ನನ್ನ ಹೆಗಲು ಹಿಡಿದುಕೊಂಡು ಕೂತಳು. "ಅಕ್ಕಯ್ಯ, ಏಳೋವಾಗ ವಸಿ ಎತ್ತು ನನ್ನ" ಅಂತ ಕಿವಿಯಲ್ಲಿ ನಕ್ಕಳು.

ಅಯ್ಯನವರು ಬಟ್ಟಲು ತಂದರು. ನನ್ನ ಮುಖದ ಹತ್ತಿರ ಹಿಡಿದರು. ದ್ರಾಕ್ಷಿಯ ವಾಸನೆ ಬಂತು. ಆರು ತಿಂಗಳಿಂದ ಹಸಿದಿದ್ದೆ ನಾನು ಅದಕ್ಕೆ. ತುಟಿಗೂ ಬಟ್ಟಲಿಗೂ ನಾಲ್ಕು ಬೆರಳು ದೂರ. ನನ್ನ ತುಟಿ ಆದ ಮೇಲೆ ಎಸ್ತರಮ್ಮನ ತುಟಿ.

ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. "ಬೇಡ ಅಯ್ಯನೋರೆ. ನಂಗೆ ಕ್ಷಯ ಅದೆ" ಅಂದೆ.

ಮೆಲ್ಲಗೆ ಹೇಳಿದ್ದೆ, ಆದರೆ ಆ ಹೊತ್ತಿನಲ್ಲಿ ಪ್ರಾರ್ಥನೆ ಮನೆಯಲ್ಲಿ ಸೂಜಿ ಬಿದ್ದರೂ ಕೇಳ್ತದೆ. ಹಿಂದಿನ ಸಾಲಿನಲ್ಲಿ ಒಬ್ಬಳು ಮಗುವನ್ನು ಸರಕ್ಕನೆ ಎಳೆದುಕೊಂಡಳು. ಎಸ್ತರಮ್ಮನ ಕೈ ನನ್ನ ಹೆಗಲಿಂದ ಹೋಯ್ತು. ಅವಳನ್ನು ತಪ್ಪು ಅನ್ನಲ್ಲ. ಆದರೆ ಆ ಕೈ ಹೋದ ಜಾಗ ಇವತ್ತಿಗೂ ತಣ್ಣಗಿದೆ.

ಸಾಮುವೇಲಪ್ಪ ಎದ್ದು ನಿಂತರು. ಅವರ ಮುಖ ಕಪ್ಪಿಟ್ಟಿತ್ತು. ನನ್ನ ಬಾಗಿಲಲ್ಲಿ ಕೂತು ಆಡಿದ ಮಾತು ಅವರಿಗೆ ನೆನಪಾಗಿರಬೇಕು. "ಪಾಪ, ಇವ್ಳು ಯಾಕೆ ಬುಡ್ಬೇಕು ಅಯ್ಯನೋರೆ? ನಮ್ಮನೇಲಿ ಒಸ ಲೋಟ ಅದೆ. ತರ್ತೀನಿ. ಇವ್ಳಿಗೆ ಅಂತ ಬ್ಯಾರೆ ಮಡಗ್ಬುಡವ" ಅಂದರು. ಪ್ರೀತಿಯಿಂದಲೇ ಅಂದರು.

ಆಗ ನಮ್ಮ ಅತ್ತೆ ಎದ್ದಳು.

"ಬ್ಯಾರೆ ಲೋಟವಾ? ಎಲ್ ಮಡಗ್ತೀಯ ಅದ್ನ, ಸೂರಿಗೆ ಸಿಗಿಸ್ತೀಯಾ? ನಮ್ಮವ್ವಂಗೆ ಸಿಗಿಸಿದ್ರು, ನಂಗೆ ಸಿಗಿಸಿದ್ರು. ಇವತ್ತು ಕಾಯ್ಲೆಗೆ ಒಂದು ಲೋಟ, ನಾಳೆ ಬಡವ್ರಿಗೆ ಒಂದು, ನಾಡಿದ್ದು ಆ ಕೇರಿಗೊಂದು ಈ ಕೇರಿಗೊಂದು. ಒಂದೇ ಬಟ್ಲು ಅಂತ ತಾನೆ ಸಾಮುವೇಲ, ನಿಮ್ಮಪ್ಪಾನೂ ನಮ್ಮಪ್ಪಾನೂ ಏಟು ತಿಂದು ಇಲ್ಲಿಗೆ ಬಂದಿದ್ದು?"

"ಅಂಗಾರೆ ಏನ್ ಮಾಡದು ಮಾರ್ತಕ್ಕ, ನೀನೇ ಯೋಳು. ಕುಡುಸ್ಬುಡವಾ?"

"ಕುಡುಸ್ಬೇಡಿ" ಅಂದಳು. ಮೂರು ತಿಂಗಳಿಂದ ಕುಡಿ ಕುಡಿ ಅಂತ ನನ್ನ ಪ್ರಾಣ ತಿಂದವಳು! ನನ್ನ ಕಡೆ ತಿರುಗಿ, "ನನ್ ಸೊಸೆ ಸರಿಯಾಗೇ ಮಾಡವ್ಳೆ. ಮುಚ್ಚಿಡು ಅಂದೋಳು ನಾನು. ತಪ್ಪು ಒಪ್ಕೊಬೇಕಾದೋಳು ನಾನು. ಬರ್ಕೊ ನನ್ ಎಸ್ರ" ಅಂದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಡುಗೆ ಮನೆಯಲ್ಲಿ ಮಾತಾಡೋ ಹಾಗೆ ಅಯ್ಯನವರಿಗೆ ಹೇಳಿದಳು, "ಕಾಯ್ಲೆ ಬಿದ್ದೋರ್ಗೆ ಮನೇಲಿ ಎಂಗೆ ಉಣ್ಣಿಸ್ತೀವಿ ಬುದ್ದಿ? ರೊಟ್ಟೀನ ಸಾರಲ್ಲಿ ಅದ್ದಿ ಕೊಡಾಕಿಲ್ವಾ? ಅದ್ದಿ, ಅವಳ ಅಂಗೈ ಮ್ಯಾಲೆ ಮಡಗಿ. ಬಟ್ಲು ಒಂದೇ ಆಯ್ತದೆ. ಬಾಯಿ ತಾಗಾಕಿಲ್ಲ."

ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು. ಕೈಯಲ್ಲಿದ್ದ ಪುಸ್ತಕ ನೋಡಿದರು. ಅದರಲ್ಲಿ ಹಾಗೆ ಬರೆದಿರಲಿಲ್ಲ ಅಂತ ಕಾಣುತ್ತೆ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಒಂದು ತುಂಡು ಬ್ರೆಡ್ಡು ತೆಗೆದು ಬಟ್ಟಲಲ್ಲಿ ಅದ್ದಿದರು. ತೊಟ್ಟಿಕ್ಕುತ್ತಿದ್ದ ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟರು. ಇಡುವಾಗ ಅವರ ಬೆರಳು ನನ್ನ ಅಂಗೈಗೆ ತಾಗಿತು. ಬೇಕಂತಲೇ ತಾಗಿಸಿದರು ಅಂತ ನಾನು ನಂಬಿದ್ದೀನಿ. ಅದೇ ಬಟ್ಟಲನ್ನು ಎಸ್ತರಮ್ಮನಿಗೆ ಕೊಟ್ಟರು. ಅವಳು ಒಂದು ಕ್ಷಣ ತಡೆದಳು. ಆಮೇಲೆ ಕುಡಿದಳು.

ಅಲ್ಲಿಗೆ ಎಲ್ಲ ಸರಿಹೋಯ್ತು ಅಂದರೆ ಮತ್ತೆ ಸುಳ್ಳು ಹೇಳಿದ ಹಾಗಾಗುತ್ತೆ. ಅತ್ತೆ ಹೆದರಿದ್ದೆಲ್ಲ ನಿಜವೇ ಆಯಿತು. ಸುದ್ದಿ ನಾವು ಬ್ಲಫ್ ಮುಟ್ಟೋ ಮುಂಚೆ ಮುಟ್ಟಿತ್ತು. ನಲ್ಲಿ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಂತರು. ಲೈನ್ ಮನೆ ನಾವಾಗಿಯೇ ಬಿಟ್ಟು ಕೇರಿಯಲ್ಲಿ ಬೇರೆ ಗುಡಿಸಲಿಗೆ ಬಂದೆವು. ಯಜಮಾನರು ದಿನಾ ಅಲ್ಲಿಂದ ಕೆಲಸಕ್ಕೆ ನಡೆದರು. ಸಭೆಗೆ ಬರ್ತಿದ್ದ ಎರಡು ಮನೆಯವರು ಬರೋದನ್ನೇ ನಿಲ್ಲಿಸಿದರು. ಆದರೆ ಪುಟ್ಟತಾಯಮ್ಮ, ನಮ್ಮ ಸಭೆಯವರಲ್ಲ, ನಮ್ಮ ಜಾತಿಯವರೂ ಅಲ್ಲ, ನಾವು ಹೊರಡೋ ದಿನ ಬಂದು ಬಾಗಿಲಲ್ಲಿ ನಿಂತು, "ನಮ್ ಮಕ್ಳ ಕಾಪಾಡ್ದೆ ಕಣಮ್ಮ ನೀನು. ಆ ಡಬ್ಬಿ ಏನು ಅಂತ ಈಗ ಗೊತ್ತಾಯ್ತು" ಅಂದು ಅತ್ತರು. ನನಗೆ ಅದು ಸಾಕಾಯಿತು.

ಯಜಮಾನರೂ ಅವತ್ತಿನಿಂದ ಬೇರೆ ಮನುಷ್ಯ. ಯಾರಾದರೂ ಕೇಳಿದರೆ ತಲೆ ಎತ್ತಿ, "ಕ್ಷಯ. ಮೈಸೂರಲ್ಲಿ ತೋರಿಸ್ತಾ ಇದೀವಿ" ಅಂತಿದ್ದರು.

ಮೈಸೂರಿನ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿ ಒಂಬತ್ತು ತಿಂಗಳು ಮಲಗಿದೆ. ಪಕ್ಕೆಲುಬಿನ ಸಂದಿಗೆ ದಬ್ಬಳದಂಥ ಸೂಜಿ ಚುಚ್ಚಿ ಗಾಳಿ ತುಂಬೋರು, ಒಳಗಿನ ಹುಣ್ಣು ಅಲುಗಾಡದೆ ಮಾಯಲಿ ಅಂತ. ಮನೆಗೆ ಬಂದ ಮೇಲೂ ಎರಡು ವಾರಕ್ಕೊಮ್ಮೆ, ಮೂರು ವರ್ಷ, ಅದೇ ಸೂಜಿಗೆ ಹೋಗಿಬಂದೆ. ಕಾಯೋ ಜಾಗದ ಬೆಂಚಿನಲ್ಲಿ ನನ್ನ ಪಕ್ಕ ಯಾವಾಗಲೂ ಒಬ್ಬರು ಮಡಿ ಹೆಂಗಸು. ಮೊದಲು ಸೆರಗು ಎಳೆದುಕೊಂಡು ಕೂರ್ತಿದ್ದರು. ಆಮೇಲೆ, "ಬಾಮ್ಮ ಲೇಯಮ್ಮ, ಟೈರಿಗೆ ಗಾಳಿ ಹಾಕಿಸಿಕೊಳ್ಳೋಕೆ ಬಂದ್ಯಾ" ಅಂತ ನಗಿಸೋರು. ಒಂದು ಸಲ ಅವರು ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ. ನರ್ಸಮ್ಮನನ್ನು ಕೇಳೋ ಧೈರ್ಯ ಆಗಲಿಲ್ಲ. ಅವರ ಜಾಗ ಬಿಟ್ಟೇ ಕೂತೆ.

ನನಗೆ ಯಾಕೆ ವಾಸಿಯಾಯ್ತು, ಅವರಿಗೆ ಯಾಕೆ ಆಗಲಿಲ್ಲ? ನನ್ನ ಭಕ್ತಿಗೆ ಸಿಕ್ಕಿದ್ದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ನಾನು ದೇವರವಳು ಅಂದರೆ, ಬದುಕಿದರೆ ಮಾತ್ರ ದೇವರವಳು ಅಂತಲ್ಲ. ಸತ್ತಿದ್ದರೂ ಅವನವಳೇ. ಇದನ್ನು ಈಗ ಬರೆಯೋದು ಸುಲಭ. ಆ ಬೆಂಚಿನ ಮೇಲೆ ಸುಲಭ ಇರಲಿಲ್ಲ.

ಕೊನೆಗೆ ಒಂದು ದಿನ ಎದೆಯ ಫೋಟೋ ಬೆಳಕಿಗೆ ಹಿಡಿದು ಡಾಕ್ಟರು, ಈ ಸಲ ಗೋಡೆಗಲ್ಲ, ನನಗೇ ಹೇಳಿದರು. "ಮಾದು ಹೋಗಿದೆಯಮ್ಮ. ಇನ್ನು ಸೂಜಿ ಬೇಡ." ನಾನು ಕೇಳಿದ್ದು ಒಂದೇ. "ಮಗಳಿಗೆ ಮುತ್ತು ಕೊಡಬೌದಾ ಬುದ್ದಿ?" ಅವರು ನಕ್ಕು, "ಎಷ್ಟು ಬೇಕಾದರೂ" ಅಂದರು. ಮನೆಗೆ ಬಂದರೆ ಸಾರಾ ನನಗಿಂತ ಎತ್ತರ ಬೆಳೆದಿದ್ದಳು. ಬಗ್ಗು ಅಂದೆ. ಬಗ್ಗಿದಳು. ಇಬ್ಬರಿಗೂ ನಾಚಿಕೆ ಆಯ್ತು. ಆಮೇಲೆ ಅಳು.

ಹೋದ ಭಾನುವಾರಕ್ಕೆ ಬರ್ತೀನಿ. ಮೊಮ್ಮಗನ ದೀಕ್ಷಾಸ್ನಾನ ಆದ ಮೇಲೆ ಪ್ರಭುಭೋಜನ ಇತ್ತು. ಈಗ ಇರೋರು ಹೊಸ ಅಯ್ಯನವರು. ಗಂಡಸರನ್ನೂ ಹೆಂಗಸರನ್ನೂ ಕರೆಯೋ ಮುಂಚೆ, "ಅದ್ದಿ ತಗೊಳ್ಳೋರು ಮೊದಲು ಬನ್ನಿ. ಇದು ಈ ಸಭೆಯಲ್ಲಿ ತಲತಲಾಂತರದಿಂದ ಬಂದ ಪದ್ಧತಿಯಂತೆ" ಅಂದರು. ಅತ್ತೆಗೆ ಈಗ ಕಣ್ಣು ಕಾಣೋದಿಲ್ಲ, ಕಿವಿ ಚೆನ್ನಾಗಿದೆ. ಮೊಣಕೈಯಿಂದ ನನ್ನ ಪಕ್ಕೆಗೆ, ಸೂಜಿ ಚುಚ್ಚಿದ ಜಾಗಕ್ಕೇ, ತಿವಿದಳು. "ತಲತಲಾಂತರವಂತೆ ಕಣಮ್ಮಿ" ಅಂತ ನಕ್ಕಳು.

ಯಾರೂ ಏಳಲಿಲ್ಲ. ಅಯ್ಯನವರು ಕಾದರು. ಎಲ್ಲರೂ ಕಾದರು. ಹಿಂದೆ, ಬಾಗಿಲ ಹತ್ತಿರ, ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಬೇರೆ ಊರಿನ ಒಬ್ಬ ಹೆಣ್ಣುಮಗಳು, ಮದುವೆಯಾಗಿ ಒಂದು ವರ್ಷವೂ ಆಗಿರಲಿಕ್ಕಿಲ್ಲ, ರವಿಕೆ ತೋಳು ಸಡಿಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಆ ಹಿಡಿತ ನನಗೆ ಗೊತ್ತು.

ಮಗುವನ್ನು ಸಾರಾನ ತೊಡೆಗೆ ಹಾಕಿ ಎದ್ದು ಹೋದೆ. ಅವಳ ಪಕ್ಕ ಕೂತು ಕೈ ಚಾಚಿದೆ. "ನಾನೂ ಬರ್ತೀನಿ, ಏಳವ್ವ" ಅಂದೆ.

ಅವಳು ನನ್ನ ಕೈ ನೋಡಿದಳು. ಹಿಡಿಯಲೋ ಬೇಡವೋ ಅಂತ. ಆಮೇಲೆ ಹಿಡಿದಳು. ನಾವಿಬ್ಬರೂ ಎಲ್ಲರಿಗಿಂತ ಮುಂಚೆ ಹೋಗಿ ಮೊಣಕಾಲೂರಿದೆವು.